ಅಕ್ಕನ ಕದಳಿಯೂ ಜಪಾನಿನ ಅರಣ್ಯಸ್ನಾನವೂ



ಕಾಡಿನೊಳಗೆ ಅವಸರವಿಲ್ಲದೆ ನಡೆಯುವುದು, ಮೊಬೈಲನ್ನು ಬದಿಗಿಟ್ಟು ಮರದ ಬುಡದಲ್ಲಿ ಕೂಡುವುದು, ಎಲೆಯ ಸದ್ದನ್ನೂ ಮಣ್ಣಿನ ವಾಸನೆಯನ್ನೂ ಗಮನಿಸುತ್ತ ಮನಸ್ಸನ್ನು ಹಗುರಗೊಳಿಸಿಕೊಳ್ಳುವುದು, ಇದಕ್ಕೆ ಈಗ ‘ಅರಣ್ಯಸ್ನಾನ’ವೆಂಬ ಹೆಸರು ಬಂದಿದೆ. ನೀರಿಲ್ಲದ ಸ್ನಾನವಿದು. ಇದರ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಭಕ್ತರಲ್ಲಿ ಕೆಲವರು ಒಂದು ಮಾತನ್ನು ಸೇರಿಸುತ್ತಾರೆ: “ಜಪಾನಿನವರು ಇಂದು ಕಂಡುಕೊಂಡದ್ದನ್ನು ನಮ್ಮ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿಯೇ ಮಾಡಿ ತೋರಿಸಿದ್ದಾಳೆ.” ಕೇಳಲು ಹಿತವಾದ ಮಾತು. ಆದರೆ ಅದು ಸಲ್ಲದ ಮಾತೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಜಪಾನಿನ ಅರಣ್ಯ ಇಲಾಖೆಯು ‘ಶಿನ್ರಿನ್-ಯೋಕು’ ಎಂಬ ಪದವನ್ನು ಬಳಕೆಗೆ ತಂದದ್ದು 1982ರಲ್ಲಿ. ನಗರದ ದುಡಿಮೆಯಲ್ಲಿ ಬಸವಳಿದವರನ್ನು ಕಾಡಿನತ್ತ ಕರೆಯುವುದು, ಆ ಮೂಲಕ ಕಾಡಿನ ಬಗೆಗೆ ಆಸ್ಥೆ ಹುಟ್ಟಿಸುವುದು ಅದರ ಆಶಯ. ಮುಂದೆ ಚಿಂಗ್ ಲೀ ಎಂಬ ವೈದ್ಯರೂ ಅವರ ಸಂಗಡಿಗರೂ ಇದನ್ನು ಪ್ರಯೋಗಕ್ಕೆ ಒಡ್ಡಿದರು. 2007ರಲ್ಲಿ ಪ್ರಕಟವಾದ ಅವರ ಪ್ರಸಿದ್ಧ ಅಧ್ಯಯನದಲ್ಲಿ, ಮೂರು ದಿನ ಕಾಡಿನಲ್ಲಿ ಕಳೆದವರ ರಕ್ತದಲ್ಲಿ ರೋಗನಿರೋಧಕ ಕಣಗಳ ಚಟುವಟಿಕೆ ಹೆಚ್ಚಿದ್ದು ಕಂಡುಬಂತು. ಪಾಲ್ಗೊಂಡವರು 12 ಜನ ಗಂಡಸರು. ಹನ್ನೆರಡೇ ಜನ! ಇದನ್ನೇ ಹಿಡಿದು ಕ್ಯಾನ್ಸರಿಗೆ ಕಾಡೇ ಮದ್ದೆಂದು ವಾಟ್ಸಾಪಿನಲ್ಲಿ ಹಂಚುವುದು ರೋಗಿಗಳಿಗೆ ಮಾಡುವ ಮೋಸ. ಮರಗಳ ನಡುವಿನ ನಡಿಗೆಯಿಂದ ಮನಸ್ಸಿನ ಒತ್ತಡ ತಗ್ಗುವುದನ್ನು ಬೇರೆ ಅಧ್ಯಯನಗಳೂ ತೋರಿಸಿವೆ. ಅಷ್ಟನ್ನು ನಾವು ಅಲ್ಲಗಳೆಯುವುದಿಲ್ಲ.

ಇನ್ನು ಅಕ್ಕ. ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲಕ್ಕೆ ನಡೆದ ಆ ತಾಯಿ ದಣಿವಾರಿಸಿಕೊಳ್ಳಲು ಕಾಡಿಗೆ ಹೋದವಳೇ? ಅರಮನೆಯನ್ನೂ ಉಟ್ಟ ಬಟ್ಟೆಯನ್ನೂ ತೊರೆದವಳಿಗೆ ಮರಳಿ ಬರಲು ಮನೆಯೇ ಇರಲಿಲ್ಲ. ಆಕೆ ಗಿಳಿ, ಕೋಗಿಲೆ, ದುಂಬಿಗಳನ್ನು ಮಾತನಾಡಿಸುವ ವಚನವನ್ನು ನಿಧಾನವಾಗಿ ಓದಿದವರಿಗೆ ಅಲ್ಲಿ ಕಾಣುವುದು ವಿಶ್ರಾಂತಿಯಲ್ಲ, ಕಳೆದುಕೊಂಡವನನ್ನು ಹುಡುಕುವವಳ ತಳಮಳ. ಕದಳಿಯಂತೂ ಆಕೆಗೆ ಬರಿಯ ಬಾಳೆಯ ವನವಲ್ಲ. ದೇಹ, ಮನಸ್ಸು, ವಿಷಯಾಸೆಗಳು ಹೆಣೆದುಕೊಂಡು ಬೆಳೆದ ದಟ್ಟಣೆಯದು, ಗೆದ್ದು ಹೊರಬರಬೇಕಾದ ಕಾಡದು. ಸಮಾಧಾನದ ಮಾತನ್ನು ಆಕೆ ಆಡಿದ್ದಾಳೆ, ನಿಜ. ಆದರೆ ಅಲ್ಲಿ ಸಂತೆಯ ಗದ್ದಲವಿದೆ, ಜನರ ಹೊಗಳಿಕೆ ತೆಗಳಿಕೆಗಳಿವೆ. ಅವುಗಳ ನಡುವೆ ನಿಂತೇ ಸಮಾಧಾನಿಯಾಗಿರು ಎಂದವಳನ್ನು ವಾರಾಂತ್ಯದ ವಿಹಾರಕ್ಕೆ ಮಾದರಿ ಮಾಡುವುದು ಯಾವ ನ್ಯಾಯ?

ನಮ್ಮ ಸೀಮೆಯ ಕಾಡನ್ನೂ ಒಮ್ಮೆ ಕಣ್ಣುಬಿಟ್ಟು ನೋಡೋಣ. ಜಪಾನಿನ ಪ್ರಯೋಗಗಳು ನಡೆದದ್ದು ತೇವಭರಿತ ನಾಡಿನಲ್ಲಿ. ನಮ್ಮದು ಬೇಸಿಗೆಯಲ್ಲಿ ಎಲೆಯುದುರಿಸಿ ನಿಲ್ಲುವ ಒಣ ಕಾಡು. ಮಳೆಗಾಲ ಕಳೆದ ಮೇಲೆ ಬೀದರ ನಗರದಿಂದ ದೇವದೇವ ವನಕ್ಕೋ ಹೊನ್ನಿಕೇರಿ ಕಾಡಿನ ಅಂಚಿಗೋ ಹೋಗಿ ಮುಂಜಾನೆ ಒಂದು ತಾಸು ಸುಮ್ಮನೆ ಕುಳಿತು ಬರುವುದು ಒಳ್ಳೆಯದೇ. ಹೋದವರು ಸೀತಾಫಲದ ಬುಟ್ಟಿ ಹೊತ್ತು ಗುಡ್ಡ ಇಳಿಯುವ ಹೆಣ್ಣುಮಕ್ಕಳನ್ನೂ ನೋಡಬೇಕು. ಔರಾದ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಚಿಗರಿ, ಕಾಡುಹಂದಿಗಳಿಂದ ಸೋಯಾ, ತೊಗರಿಯನ್ನು ಕಾಯಲು ರಾತ್ರಿಯಿಡೀ ಹೊಲದಲ್ಲಿ ಎಚ್ಚರವಿರುವ ರೈತನನ್ನು ನೆನೆಯಬೇಕು. ದಿನವೂ ಗಿಡಮರಗಳ ನಡುವೆಯೇ ಇರುವ ಇವರ ಒತ್ತಡವನ್ನು ಯಾವ ಸ್ನಾನ ತೊಳೆದೀತು? ಕಾಯಕದ ಮಾತನ್ನು ಬಿಟ್ಟು ಕಾಡಿನ ಸೊಗಸನ್ನಷ್ಟೇ ಹೇಳುವವರು ಇದಕ್ಕೆ ಉತ್ತರ ಕೊಡುವುದಿಲ್ಲ.

ಕಾಡಿನ ವಿಷಯದಲ್ಲಿ ಲಿಂಗಾಯತರಾದ ನಾವು ಹೆಮ್ಮೆಪಡಬೇಕೆಂದರೆ ಸುಳ್ಳು ಹೋಲಿಕೆಯೇ ಬೇಕಿಲ್ಲ, ಗದಗ ಜಿಲ್ಲೆಯ ಕಪ್ಪತಗುಡ್ಡವಿದೆ. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡವನ್ನು ಸರಕಾರ 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಿ, 2016ರಲ್ಲಿ ಆ ಆದೇಶವನ್ನೇ ಹಿಂಪಡೆಯಿತು. ಗಣಿಗಾರಿಕೆಯ ಭೀತಿ ಎದುರಾಯಿತು. ಆಗ ತೋಂಟದಾರ್ಯ ಮಠದ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಜನರೊಡನೆ ಧರಣಿ ಕುಳಿತರು. 2017ರಲ್ಲಿ ಸರಕಾರ ಮಣಿಯಿತು. ಗುಡ್ಡವು ವನ್ಯಜೀವಿಧಾಮವಾದದ್ದು 2019ರಲ್ಲಿ. ಅದನ್ನು ಕಾಣುವ ಮೊದಲೇ, 2018ರಲ್ಲಿ, ಪೂಜ್ಯರು ಲಿಂಗೈಕ್ಯರಾಗಿದ್ದರು. ಅವರು ಕಪ್ಪತಗುಡ್ಡದಿಂದ ಏನನ್ನೂ ಕೇಳಲಿಲ್ಲ, ಆರೋಗ್ಯವನ್ನೂ ಸಹ.

ಅರಣ್ಯಸ್ನಾನ ಮಾಡಬಯಸುವ ಭಕ್ತರಿಗೆ ನಮ್ಮದೊಂದು ಬಿನ್ನಹ. ಈ ಮುಂಗಾರಿನಲ್ಲಿ ತಮ್ಮೂರಿನ ಕೆರೆಯ ದಂಡೆಗೋ ಶಾಲೆಯ ಅಂಗಳಕ್ಕೋ ಒಂದು ಬೇವನ್ನೋ ಹುಣಸೆಯನ್ನೋ ನೆಟ್ಟು, ಮೂರು ಬೇಸಿಗೆ ಅದಕ್ಕೆ ಕೊಡದಲ್ಲಿ ನೀರು ಹೊತ್ತು ಹಾಕಿ. ಬಳಿಕ ಅದರ ನೆರಳಿನಲ್ಲಿ ಕುಳಿತು ಆ ಕೂಡುವಿಕೆಗೆ ಜಪಾನಿ ಹೆಸರನ್ನೇ ಇಟ್ಟುಕೊಂಡರೂ ನಮ್ಮ ತಕರಾರಿಲ್ಲ.