ಪಾಯಿಂಟ್ ಟು ಎಫ್ ಹಾಕಿದ್ರೆ ಲೆಕ್ಕ ಸರಿಯಾಯ್ತಾ?

ಸಿ ಲ್ಯಾಬಿನ ಕರೆಂಟ್ ಬಿಲ್ ಪ್ರೋಗ್ರಾಂ ನಿಮಗೆಲ್ಲ ಗೊತ್ತೇ ಇದೆ. ಮೊದಲ 200 ಯೂನಿಟ್‌ಗೆ 80 ಪೈಸೆ, ಮುಂದಿನ 100ಕ್ಕೆ 90 ಪೈಸೆ, ಅದರ ಮೇಲೆ ಒಂದು ರೂಪಾಯಿ. ಮೀಟರ್ ಚಾರ್ಜ್ 100 ರೂಪಾಯಿ, ಮೊತ್ತ 400 ದಾಟಿದರೆ ಶೇ. 15 ಸರ್‌ಚಾರ್ಜ್. (ಈ ದರಕ್ಕೆ ಕರೆಂಟ್ ಯಾವ ಊರಲ್ಲಿ ಸಿಗುತ್ತೆ ಅಂತ ಮಾತ್ರ ಕೇಳಬೇಡಿ.) 353 ಯೂನಿಟ್ ಕೊಟ್ಟು ನೋಡಿ. ಕೈಲೆಕ್ಕದಲ್ಲಿ 463.45. ಬಿಲ್ಲನ್ನು ಫ್ಲೋಟ್‌ನಲ್ಲಿಟ್ಟು ಪ್ರಿಂಟ್‌ಎಫ್‌ನಲ್ಲಿ ಬರೀ ‘ಪರ್ಸೆಂಟ್ ಎಫ್’ ಕೊಟ್ಟರೆ ಸ್ಕ್ರೀನ್ ಮೇಲೆ ಬರೋದು 463.450012.

ಆ ಕೊನೆಯ 12 ಎಲ್ಲಿಂದ ಬಂತು? ಕೇಳಿದರೆ ಸಿಗುವ ಉತ್ತರ ಒಂದೇ: “ಪಾಯಿಂಟ್ ಟು ಹಾಕು, ಹೋಗುತ್ತೆ.” ಹೋಗುತ್ತೆ ನಿಜ, ಆದರೆ ಸ್ಕ್ರೀನಿಂದ ಮಾತ್ರ. ವೇರಿಯಬಲ್ ಒಳಗೆ ಅದು ಹಾಗೇ ಕೂತಿರುತ್ತೆ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದು ಮುಗಿಸಲು ಆಗಲ್ಲ ಅಲ್ವಾ, ಹಾಗೇ 0.45 ಅನ್ನು ಬೈನರಿಯಲ್ಲಿ ಬರೆದು ಮುಗಿಸಲು ಆಗಲ್ಲ. ಫ್ಲೋಟ್‌ಗೆ ಸಿಗೋದು 24 ಬಿಟ್‌ನಷ್ಟು ನಿಖರತೆ. ಅಷ್ಟರಲ್ಲಿ ಹತ್ತಿರದ ಬೆಲೆ ಯಾವುದೋ ಅದನ್ನೇ ಅದು ಇಟ್ಟುಕೊಳ್ಳುತ್ತೆ.

ಪಾಯಿಂಟ್ ಟು ಬೇಡ ಅಂತ ನಾನು ಹೇಳ್ತಿಲ್ಲ. ಓದೋಕೆ ಚೆನ್ನಾಗಿರಲಿ ಅಂತ ಹಾಕೋದು ಸರಿಯೇ. ಆದರೆ ಅದನ್ನು ತಪ್ಪಿಗೆ ಔಷಧಿ ಅಂತ ಕಲಿಸೋದು ನನಗೆ ಒಪ್ಪಿಗೆಯಿಲ್ಲ. 100 ರೂಪಾಯಿ ಊಟದ ಬಿಲ್ಲನ್ನು ಮೂವರಿಗೆ ಹಂಚಿ ಪ್ರಿಂಟ್ ಮಾಡಿ. ಮೂರು ಸಾಲಲ್ಲೂ 33.33, ಕೆಳಗೆ ಒಟ್ಟು 100.00. ಕೂಡಿ ನೋಡಿದವನಿಗೆ ಒಂದು ಪೈಸೆ ಲೆಕ್ಕ ಸಿಗಲ್ಲ. ಇನ್ನು 2.675 ಅನ್ನು ಡಬಲ್‌ನಲ್ಲಿಟ್ಟು ಎರಡು ಸ್ಥಾನಕ್ಕೆ ಪ್ರಿಂಟ್ ಮಾಡಿದರೆ 2.68 ಅಲ್ಲ, 2.67 ಬರುತ್ತೆ. ಒಳಗಿರುವ ಬೆಲೆ 2.675ಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಅದಕ್ಕೇ.

ಹಾಗಾಗಿ ಅಬ್ಸರ್ವೇಷನ್ ಪುಸ್ತಕದಲ್ಲಿ ಇದೇ ಬಿಲ್ಲನ್ನು ಎರಡು ಸ್ಥಾನಕ್ಕೆ ಒಮ್ಮೆ, ಹತ್ತು ಸ್ಥಾನಕ್ಕೆ ಒಮ್ಮೆ ಪ್ರಿಂಟ್ ಮಾಡಿಸಬೇಕು. ವೈವಾದಲ್ಲಿ ವ್ಯತ್ಯಾಸ ಯಾಕೆ ಅಂತ ಕೇಳಬೇಕು. ‘ಪರ್ಸೆಂಟ್ ಎಫ್ ಅಂದರೇನು’ ಅನ್ನೋ ಬಾಯಿಪಾಠದ ಪ್ರಶ್ನೆಗಿಂತ ಇದು ಎಷ್ಟೋ ವಾಸಿ.

ಆಮೇಲೆ ಅದೇ ಪ್ರೋಗ್ರಾಮನ್ನು ಫ್ಲೋಟ್ ಇಲ್ಲದೆ, ಪೂರ್ತಿ ಪೈಸೆಯಲ್ಲಿ, ಇಂಟ್ ಬಳಸಿ ಬರೆಸಬೇಕು. 353 ಯೂನಿಟ್‌ಗೆ 46345 ಪೈಸೆ, ಚೂರೂ ಆಚೀಚೆ ಇಲ್ಲ. ಪ್ರಿಂಟ್ ಮಾಡುವಾಗ 100ರಿಂದ ಭಾಗಿಸಿದ್ದು ರೂಪಾಯಿ, ಶೇಷ ಪೈಸೆ. ಆ ಶೇಷಕ್ಕೆ ಬರೀ ‘ಪರ್ಸೆಂಟ್ ಡಿ’ ಸಾಲದು, ‘ಪರ್ಸೆಂಟ್ ಸೊನ್ನೆ ಎರಡು ಡಿ’ ಬೇಕು. ಇಲ್ಲಾಂದ್ರೆ 357 ಯೂನಿಟ್‌ನವರ 468.05 ರೂಪಾಯಿ ಬಿಲ್ಲು 468.5 ಆಗಿ ಮನೆಗೆ ಹೋಗುತ್ತೆ.