ಚಂದ್ರದ್ರೋಣದ ಹಳೆಯ ಬೆಂಕಿ

ಚಿಕ್ಕಮಗಳೂರಿನ ಗಿರಿಶ್ರೇಣಿಯನ್ನು ನಕ್ಷೆಯಲ್ಲಿ ನೋಡಿದವರಿಗೆಲ್ಲ ಒಂದು ಅನುಮಾನ ಬರುವುದು ಸಹಜ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಎಲ್ಲವೂ ಒಂದೇ ಸಾಲಿನಲ್ಲಿ ಬಾಗಿ ಕುದುರೆ ಲಾಳದಂತೆ ನಿಂತಿವೆ. ವಾಯವ್ಯಕ್ಕೆ ಬಾಯಿ ತೆರೆದ ಆ ಲಾಳದ ನಡುವೆ ಜಾಗರ ಕಣಿವೆ ಇದೆ. ಈ ಬಾಗಿದ ರೂಪದಿಂದಲೇ ಹಿರಿಯರು ಇದನ್ನು ಚಂದ್ರದ್ರೋಣ ಪರ್ವತ ಎಂದು ಕರೆದರು. ಈಗಿನ ಮಕ್ಕಳು ಬೇರೆ ಹೆಸರು ಹುಡುಕುತ್ತಾರೆ. "ಸಾರ್, ಇದು ಹಳೆಯ ಜ್ವಾಲಾಮುಖಿಯ ಬಾಯಿಯಲ್ಲವೇ?" ಎಂಬ ಪ್ರಶ್ನೆ ನನ್ನ ತರಗತಿಯಲ್ಲಿ ಹೆಚ್ಚುಕಡಿಮೆ ಪ್ರತಿ ವರ್ಷವೂ ಏಳುತ್ತದೆ.

ಉತ್ತರ ಸ್ವಲ್ಪ ವಿಚಿತ್ರ. ಇದು ಜ್ವಾಲಾಮುಖಿಯ ಬಾಯಿಯಲ್ಲ. ಆದರೆ ಈ ಗುಡ್ಡಗಳ ಕಲ್ಲಿನಲ್ಲಿ ಬಹುಪಾಲು ಜ್ವಾಲಾಮುಖಿಯಿಂದ ಬಂದದ್ದೇ. ಎರಡೂ ಮಾತು ನಿಜವಾಗುವುದು ಹೇಗೆ ಎಂದು ತಿಳಿದರೆ, ನಾವು ದಿನವೂ ತುಳಿದು ಓಡಾಡುವ ನೆಲದ ಬಗ್ಗೆ ಗೌರವ ಹೆಚ್ಚುತ್ತದೆ.

ಜ್ವಾಲಾಮುಖಿಯ ಬಾಯಿ ಎಷ್ಟು ಗಟ್ಟಿಯಾಗಿದ್ದರೂ ಮಳೆ ಗಾಳಿಗೆ ಕೆಲವು ಲಕ್ಷ ವರ್ಷಗಳಲ್ಲಿ, ಹೆಚ್ಚೆಂದರೆ ಕೆಲವು ಕೋಟಿ ವರ್ಷಗಳಲ್ಲಿ ಸವೆದು ಅಳಿಸಿಹೋಗುತ್ತದೆ. ನಮ್ಮ ಗಿರಿಗಳ ಲಾವಾ ಅದಕ್ಕಿಂತ ಬಹಳ ಹಳೆಯದು. ಅತಿ ಕೆಳಗಿನ ಲಾವಾ ಪದರಗಳು ಸುಮಾರು 290 ಕೋಟಿ ವರ್ಷಗಳಷ್ಟು ಹಿಂದಿನವು. ಮೇಲಿನ ಕಬ್ಬಿಣದ ಪದರಗಳ ಬುಡದಲ್ಲಿರುವ ಜ್ವಾಲಾಮುಖಿ ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳಿವೆ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಜ್ಞಾನಿಗಳು ಅವುಗಳಲ್ಲಿನ ಯುರೇನಿಯಂ ಎಷ್ಟು ಸೀಸವಾಗಿ ಮಾರ್ಪಟ್ಟಿದೆ ಎಂದು ಅಳೆದರು. ಬಂದ ಲೆಕ್ಕ 272 ಕೋಟಿ ವರ್ಷ. ಮಹಾರಾಷ್ಟ್ರದ ದಖನ್ ಲಾವಾಕ್ಕೆ ವಯಸ್ಸು ಸುಮಾರು 6.6 ಕೋಟಿ ವರ್ಷ. ಅಂದರೆ ಅದಕ್ಕಿಂತ ನಮ್ಮದು ನಲವತ್ತು ಪಟ್ಟು ಹಿರಿಯ.

ಇಷ್ಟು ಕಾಲದಲ್ಲಿ ಏನೇನು ನಡೆಯಿತು? ಮೊದಲು ಇನ್ನೂ ಹಳೆಯದಾದ ಬಿಳಿ ಬೂದು ಗ್ರಾನೈಟಿನಂಥ ನೆಲವಿತ್ತು. ಅದರ ಮೇಲೆ ಹೊಳೆಗಳು ಉರುಟು ಕಲ್ಲು, ಮರಳು ತಂದು ಹರಡಿದವು. ಆಮೇಲೆ ನೆಲ ಬಿರಿದು ಲಾವಾ ಹರಿಯಿತು. ಅದು ಆರಿದ ಮೇಲೆ ಮತ್ತೆ ಮರಳು, ಮತ್ತೆ ಲಾವಾ. ಹೀಗೆ ಒಂದರ ಮೇಲೊಂದು ಪದರ. ಕಡೆಗೆ ಸಮುದ್ರ ಏರಿ ಬಂದು ಅದರ ತಳದಲ್ಲಿ ಕಬ್ಬಿಣ ಮತ್ತು ಸಿಲಿಕಾ ಪಟ್ಟಿ ಪಟ್ಟಿಯಾಗಿ ಕೂತವು. ಇಡೀ ಅಟ್ಟಿಯನ್ನು ಭೂಮಿ ಕಂಬಳಿ ಮಡಿಸಿದಂತೆ ಮಡಿಸಿತು, ಕಾಯಿಸಿತು, ಅದುಮಿತು. ಗಟ್ಟಿಯಾದ ಕಬ್ಬಿಣದ ಪಟ್ಟಿಗಳು ಶಿಖರಗಳಾಗಿ ಉಳಿದವು, ಮೆತ್ತಗಿದ್ದುದು ಹಳ್ಳಕೊಳ್ಳಗಳ ಪಾಲಾಯಿತು. ಲಾಳದ ಆಕಾರ ಬಂದದ್ದು ಈ ಮಡಿಕೆಯಿಂದ, ಜ್ವಾಲಾಮುಖಿಯ ಬಾಯಿಯಿಂದಲ್ಲ.

ಈ ಪದರಗಳಿಗೆ ಭೂವಿಜ್ಞಾನಿಗಳು ಇಟ್ಟ ಹೆಸರುಗಳನ್ನು ಕೇಳಿದರೆ ನಮ್ಮವರಿಗೆ ಆಶ್ಚರ್ಯವಾದೀತು. ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಎಲ್ಲವೂ ಸೇರಿ ಬಾಬಾಬುಡನ್ ಗುಂಪು. ಬಸ್ಸಿನ ಬೋರ್ಡಿನಲ್ಲಿ ನಾವು ಓದುವ ಊರುಗಳ ಹೆಸರನ್ನು ಆಸ್ಟ್ರೇಲಿಯದಲ್ಲೋ ಕೆನಡದಲ್ಲೋ ಕುಳಿತ ಸಂಶೋಧಕರು ತಮ್ಮ ಪ್ರಬಂಧಗಳಲ್ಲಿ ಬರೆಯುತ್ತಾರೆ. ಭೂಮಿಯ ಬಾಲ್ಯವನ್ನು ಓದಬೇಕೆಂದರೆ ಹೋಗಬೇಕಾದ ಕೆಲವೇ ಜಾಗಗಳಲ್ಲಿ ನಮ್ಮದೂ ಒಂದು.

ಈ ಓದು ಒಂದು ದಿನದ್ದಲ್ಲ. ಧಾರವಾಡ ಶಿಲೆಗಳು ಎಂಬ ಹೆಸರನ್ನು ರಾಬರ್ಟ್ ಬ್ರೂಸ್ ಫೂಟ್ ಅವರು 1880ರ ದಶಕದಲ್ಲಿ ಕೊಟ್ಟರು. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಹುಟ್ಟಿತು. ಅದರ ಅಧಿಕಾರಿಗಳು ಈ ಗುಡ್ಡಗಳನ್ನು ಕಾಲ್ನಡಿಗೆಯಲ್ಲಿ ಅಳೆದರು. 1913ರಲ್ಲಿ ಅದೇ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಅವರು ಕುದುರೆಮುಖದ ಕಬ್ಬಿಣದ ಅದಿರನ್ನು ಗುರುತಿಸಿದರು. ಮುಂದೆ ಅದೇ ಇಲಾಖೆಯನ್ನು ನಡೆಸಿದ ಡಾ. ಬಿ. ಪಿ. ರಾಧಾಕೃಷ್ಣ ಅವರು ಭಾರತೀಯ ಭೂವಿಜ್ಞಾನ ಸಂಘವನ್ನು ಬೆಂಗಳೂರಿನಲ್ಲಿ ಬೆಳೆಸಿ, ಕನ್ನಡದಲ್ಲೂ ಈ ವಿಷಯ ಬರೆದು ಉಪಕಾರ ಮಾಡಿದರು.

ಕಲ್ಲಿನಿಂದ ತಿಳಿಯುವುದು ವಯಸ್ಸಷ್ಟೇ ಅಲ್ಲ. ಚಿಕ್ಕಮಗಳೂರಿನ ಬಳಿಯ ಕರ್ತಿಕೆರೆಯ ಸುತ್ತ ಪದರಗಳ ತೀರ ಬುಡದಲ್ಲಿ ಉರುಟು ಬೆಣಚು ಕಲ್ಲುಗಳ ಅಂಟುಂಡೆಯಂಥ ಶಿಲೆ ಇದೆ. ಈ ಬಗೆಯ ಬುಡದ ಶಿಲೆಗಳಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಎಂಬ ಖನಿಜಗಳ ಸಣ್ಣ ಕಾಳುಗಳನ್ನು ವಿಜ್ಞಾನಿಗಳು ಕಂಡಿದ್ದಾರೆ. ಅವು ಹೊಳೆಯ ನೀರಿನಲ್ಲಿ ಉರುಳಿ ಬಂದ ಕಾಳುಗಳು. ಇದರಲ್ಲೇನು ವಿಶೇಷ ಎನ್ನುತ್ತೀರಾ? ಒಂದು ಕಬ್ಬಿಣದ ಮೊಳೆಯನ್ನು ಅಂಗಳದಲ್ಲಿ ಮಳೆಗಾಲ ಪೂರ್ತಿ ಬಿಟ್ಟು ನೋಡಿ. ಅದು ತುಕ್ಕು ಹಿಡಿದು ಪುಡಿಯಾಗುತ್ತದೆ. ಪೈರೈಟ್ ಕೂಡ ಹಾಗೆಯೇ, ಇಂದಿನ ಗಾಳಿ ನೀರಿನಲ್ಲಿ ಬಹುದೂರ ಉರುಳಿದರೆ ಉಳಿಯುವುದಿಲ್ಲ. ಆಗ ಉಳಿದಿತ್ತು ಎಂದರೆ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನುವಷ್ಟು ಕಡಿಮೆ ಇತ್ತು. ಆಮ್ಲಜನಕವಿಲ್ಲದ್ದರಿಂದ ಕಬ್ಬಿಣ ಸಮುದ್ರದ ನೀರಿನಲ್ಲಿ ಕರಗಿ ಇರಲು ಸಾಧ್ಯವಾಯಿತು. ಅದೇ ಕಬ್ಬಿಣ ಮುಂದೆ ತಳಕ್ಕಿಳಿದು ಮುಳ್ಳಯ್ಯನಗಿರಿಯ ನೆತ್ತಿಯಾಯಿತು, ಕುದುರೆಮುಖದ ಅದಿರಾಯಿತು. ಒಂದೇ ಜಿಲ್ಲೆಯ ಎರಡು ಕಲ್ಲುಗಳನ್ನು ಜೊತೆಗಿಟ್ಟು ನೋಡಿದರೆ ಇಡೀ ಭೂಮಿಯ ಗಾಳಿಯ ಚರಿತ್ರೆಯ ಒಂದು ಅಧ್ಯಾಯ ಸಿಗುತ್ತದೆ.

ಇನ್ನು ರಕ್ಷಣೆಯ ವಿಚಾರ. ಅಮೆರಿಕದವರು ಹವಾಯಿ ದ್ವೀಪದ ಜ್ವಾಲಾಮುಖಿಗಳನ್ನು 1916ರಲ್ಲೇ ರಾಷ್ಟ್ರೀಯ ಉದ್ಯಾನ ಮಾಡಿದರು. ಅಲ್ಲಿ ಕಾಪಾಡಿದ್ದು ಮೊದಲು ಲಾವಾವನ್ನು, ಕಾಡು ಆಮೇಲೆ. ನಮ್ಮಲ್ಲಿ ತದ್ವಿರುದ್ಧ. ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಕಾರಣವಾದದ್ದು ಸಿಂಗಳೀಕ. 1980ರ ದಶಕದ ಆರಂಭದಲ್ಲಿ ಡಾ. ಉಲ್ಲಾಸ ಕಾರಂತರು ಈ ಮಂಗಗಳ ಅಧ್ಯಯನ ನಡೆಸಿದರು. ಅವುಗಳ ದೊಡ್ಡ ನೆಲೆಯೊಂದು ಇಲ್ಲಿದೆ ಎಂದು ಅದರಿಂದ ತಿಳಿಯಿತು. 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವಾಗಿ ಮಾಡುವ ಅಧಿಸೂಚನೆ ಹೊರಟಿತು. ಜಾಗರ ಕಣಿವೆಯನ್ನು ಒಳಗೊಂಡ ಭದ್ರಾ ಅಭಯಾರಣ್ಯ 1998ರಲ್ಲಿ ಹುಲಿ ಯೋಜನೆಗೆ ಸೇರಿತು. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು. ಮರ, ಮಂಗ, ಹುಲಿಗಳ ನೆರಳಿನಲ್ಲಿ ಕಲ್ಲಿಗೂ ರಕ್ಷಣೆ ಸಿಕ್ಕಿತು ಎನ್ನಬಹುದು.

ಆ ರಕ್ಷಣೆ ಸುಲಭವಾಗಿ ಸಿಗಲಿಲ್ಲ. ಕುದುರೆಮುಖ ಕಬ್ಬಿಣ ಅದಿರು ಕಂಪನಿ 1976ರಲ್ಲಿ ಹುಟ್ಟಿತು. ಅದಿರನ್ನು ಪುಡಿ ಮಾಡಿ, ಆಯಸ್ಕಾಂತದಿಂದ ಕಬ್ಬಿಣ ಬೇರೆ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಉಳಿದ ಕೆಸರನ್ನು ಲಕ್ಯಾ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಎತ್ತರದ ಅಣೆಕಟ್ಟಿನ ಹಿಂದೆ ತುಂಬಿಸಿದರು. ಇಂಜಿನಿಯರಿಂಗ್ ದೃಷ್ಟಿಯಿಂದ ಅದೊಂದು ಸಾಹಸ, ಸಾವಿರಾರು ಮನೆಗಳ ಒಲೆ ಅದರಿಂದ ಉರಿಯಿತು. ಈ ಮಾತನ್ನು ಮರೆಯುವುದು ನ್ಯಾಯವಲ್ಲ. ಆದರೆ ಗಣಿ ಇದ್ದದ್ದು ಭದ್ರೆಯ ತೊಟ್ಟಿಲಿನಲ್ಲಿ. ವರ್ಷಕ್ಕೆ ಆರು ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಜಾಗ ಅದು. ಹೊಳೆಯ ನೀರನ್ನು ಅಳೆದು ಮಾಡಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಜಲಾನಯನದ ನೂರರಲ್ಲಿ ಒಂದು ಪಾಲೂ ಇಲ್ಲದ ಗಣಿ ಪ್ರದೇಶದಿಂದಲೇ ಹೂಳಿನ ಅರ್ಧಕ್ಕಿಂತ ಹೆಚ್ಚು ಬರುತ್ತಿತ್ತು ಎಂಬುದು ಅದರ ಸಾರ. ಆ ಹೂಳು ಹೋಗಿ ಸೇರುವುದು ಲಕ್ಕವಳ್ಳಿಯ ಜಲಾಶಯಕ್ಕೆ. ಅದನ್ನು ನಂಬಿದವರು ಶಿವಮೊಗ್ಗ, ದಾವಣಗೆರೆಯ ರೈತರು.

ಗಣಿಯ ಗುತ್ತಿಗೆ 1999ಕ್ಕೆ ಮುಗಿದರೂ ತಾತ್ಕಾಲಿಕ ಅನುಮತಿಯ ಮೇಲೆ ಕೆಲಸ ಸಾಗಿತ್ತು. ನಾಗರಹೊಳೆಯಲ್ಲಿ ಹೆಸರು ಮಾಡಿದ್ದ ನಿವೃತ್ತ ಅರಣ್ಯಾಧಿಕಾರಿ ಕೆ. ಎಂ. ಚಿಣ್ಣಪ್ಪ ಅವರು ಸುಪ್ರೀಂ ಕೋರ್ಟಿನ ಮೊರೆ ಹೊಕ್ಕರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು. 2005ರ ಕೊನೆಗೆ ಗಣಿ ನಿಂತಿತು. ಊರು ಖಾಲಿಯಾಯಿತು. ಕಾಡಿನ ಇನ್ನೊಂದು ಬದಿಯಲ್ಲಿ, ಭದ್ರಾ ಅಭಯಾರಣ್ಯದ ಒಳಗಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಸುಮಾರಿಗೆ ಹೊರಗೆ ಬಂದು ಎಂ. ಸಿ. ಹಳ್ಳಿ ಮುಂತಾದ ಕಡೆ ನೆಲೆಸಿದವು. ಕಾಡನ್ನು ಉಳಿಸಿದ ಲೆಕ್ಕ ಬರೆಯುವಾಗ ಮನೆ ಬಿಟ್ಟವರ, ಕೆಲಸ ಬಿಟ್ಟವರ ಹೆಸರನ್ನೂ ಅದೇ ಪುಟದಲ್ಲಿ ಬರೆಯಬೇಕು.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಉದ್ಯಾನದ ಗಡಿಯಾಚೆ ಇರುವ ಕಲ್ಲಿಗೆ ಯಾರ ನೆರಳೂ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಕೆಲವು ತಾಣಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕು: ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆಯ ಆಚೆ ಸೇಂಟ್ ಮೇರಿ ದ್ವೀಪದ ಲಾವಾ ಕಂಬಗಳು, ಚಿತ್ರದುರ್ಗದ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರದ ಪೆದ್ದಪಲ್ಲಿಯ ಜ್ವಾಲಾಮುಖಿ ಚೂರುಗಳ ಶಿಲೆ. ನಾಲ್ಕರಲ್ಲಿ ಮೂರು ಬೆಂಕಿಯ ಮಕ್ಕಳೇ. ಆದರೆ ಹೆಸರಿಗೆ ಹೆಸರು ಕೊಟ್ಟ ನಮ್ಮ ಕಳಸಾಪುರ, ಸಂತವೇರಿ, ಕರ್ತಿಕೆರೆಗಳಲ್ಲಿ ಒಂದೂ ಪಟ್ಟಿಯಲ್ಲಿಲ್ಲ. ಇಂಥ ತಾಣಗಳ ರಕ್ಷಣೆಗೆಂದು ಕೇಂದ್ರ ಗಣಿ ಸಚಿವಾಲಯ 2022ರಲ್ಲಿ ಒಂದು ಕರಡು ಮಸೂದೆ ಹೊರಡಿಸಿತ್ತು. ಕರಡನ್ನು ನೋಡಿ ಕಲ್ಲು ಒಡೆಯುವ ಯಂತ್ರ ನಿಲ್ಲುವುದಿಲ್ಲ.

ಇದಕ್ಕಿಂತ ತುರ್ತಿನ ಇನ್ನೊಂದು ಸಂಗತಿ ಇದೆ. ಲಾವಾ ಕಲ್ಲು ಮಳೆನಾಡಿನಲ್ಲಿ ಕೊಳೆತು ಕೆಂಪು ಜೇಡಿಯಾಗುತ್ತದೆ. ನಮ್ಮ ಕಾಫಿ, ಏಲಕ್ಕಿ, ಮೆಣಸಿಗೆ ಅನ್ನ ಹಾಕುವುದು ಈ ಮಣ್ಣೇ. ಬೇರು ಹಿಡಿದಿರುವವರೆಗೆ ಅದು ಗಟ್ಟಿ. ಇಳಿಜಾರಿನ ಬುಡವನ್ನು ರಸ್ತೆಗೋ ರೆಸಾರ್ಟಿಗೋ ನೆಟ್ಟಗೆ ಕಡಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಎರಡು ಮೂರು ದಿನ ಎಡೆಬಿಡದೆ ಮಳೆ ಸುರಿದರೆ ಮಣ್ಣಿನ ಸಂದುಗಳಲ್ಲಿ ನೀರು ತುಂಬಿ, ಕಾಳು ಕಾಳಿಗೆ ಇದ್ದ ಹಿಡಿತ ಸಡಿಲಾಗಿ, ಕೆಳಗಿನ ನುಣುಪು ಬಂಡೆಯ ಮೇಲೆ ಇಡೀ ಗುಡ್ಡ ಜಾರುತ್ತದೆ. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳವರು ಮನೆ ತೋಟಗಳ ಮೇಲೆ ಗುಡ್ಡ ಇಳಿದದ್ದನ್ನು ಕಂಡರು. ಭೂಮಿಯ ರಚನೆ ತಿಳಿಯುವುದು ಪರೀಕ್ಷೆಯ ಅಂಕಕ್ಕೆ ಮಾತ್ರ ಎಂದು ಆಮೇಲೆ ಯಾರೂ ಹೇಳಲಾರರು.

ಶಿಖರಗಳ ಹುಲ್ಲುಗಾವಲಿನ ಮೇಲೂ ಒಂದು ತಪ್ಪು ತಿಳಿವಳಿಕೆ ಇದೆ. ಮರವಿಲ್ಲದ ಗುಡ್ಡ ಬೋಳು, ಬರಡು ಎಂದು. ಕಬ್ಬಿಣದ ಬಂಡೆಯ ಮೇಲೆ ಒಂದು ಗೇಣು ಮಣ್ಣಿರುವ ಕಡೆ ಹುಲ್ಲೇ ಸರಿಯಾದ ಬೆಳೆ. ಮಳೆಯ ಹೊಡೆತವನ್ನು ತಡೆದು ನೀರನ್ನು ನಿಧಾನವಾಗಿ ಶೋಲಾ ಕಾಡಿನ ಕಣಿವೆಗೆ ಇಳಿಸುವುದು ಅದರ ಕೆಲಸ. ವಾರದ ಕೊನೆಯಲ್ಲಿ ಸಾಲುಗಟ್ಟಿ ಬರುವ ವಾಹನಗಳನ್ನು ಆ ಹುಲ್ಲಿನ ಮೇಲೆ ತಿರುಗಿಸಿದರೆ ಚಕ್ರದ ಗುರುತು ಮೊದಲ ಮಳೆಗೆ ಕೊರಕಲಾಗುತ್ತದೆ, ಮೂರನೆಯ ಮಳೆಗೆ ಹಳ್ಳವಾಗುತ್ತದೆ.

ರಕ್ಷಣೆ ಎಂಬ ಮಾತು ಕೇಳಿದೊಡನೆ ನಮ್ಮ ಕಡೆಯವರಿಗೆ ಭಯ. ನಾಳೆ ತೋಟಕ್ಕೂ ಬೇಲಿ ಬಂದೀತೇ, ಸೌದೆ ತರಲೂ ಅನುಮತಿ ಬೇಕಾದೀತೇ ಎಂದು. ಆ ಭಯಕ್ಕೆ ಕಾರಣವಿಲ್ಲದಿಲ್ಲ. ಆದರೆ ಕಲ್ಲನ್ನು ಕಾಪಾಡುವುದು ಹುಲಿಯನ್ನು ಕಾಪಾಡಿದಂತಲ್ಲ. ಅದು ಓಡಾಡುವುದಿಲ್ಲ, ಅದಕ್ಕೆ ನೂರಾರು ಚದರ ಕಿಲೋಮೀಟರ್ ಬೇಕಿಲ್ಲ. ರಸ್ತೆ ಬದಿಯ ಇಪ್ಪತ್ತು ಅಡಿ ಬಂಡೆ, ಹಳ್ಳದ ದಂಡೆಯ ಒಂದು ಮೂಲೆ ಸಾಕು. ಗ್ರಾಮ ಪಂಚಾಯಿತಿ ಮನಸ್ಸು ಮಾಡಿದರೆ ಒಂದು ಫಲಕ ಹಾಕಿ, ಇಲ್ಲಿ ಕಲ್ಲು ಒಡೆಯಬಾರದು ಎಂದು ಬರೆಯಬಹುದು. ಲೋಕೋಪಯೋಗಿ ಇಲಾಖೆಯವರು ರಸ್ತೆ ಅಗಲ ಮಾಡುವ ಮುನ್ನ ಒಬ್ಬ ಭೂವಿಜ್ಞಾನಿಯನ್ನು ಕರೆದು ತೋರಿಸಿದರೆ ಯಾವ ಬಂಡೆ ಉಳಿಸಬೇಕು, ಯಾವ ಇಳಿಜಾರನ್ನು ಮುಟ್ಟಬಾರದು, ಎರಡೂ ಒಂದೇ ದಿನದಲ್ಲಿ ತಿಳಿದೀತು. ಪ್ರೌಢಶಾಲೆಯ ಮಕ್ಕಳನ್ನು ದೂರದ ಊರುಗಳಿಗೆ ಪ್ರವಾಸ ಕರೆದೊಯ್ಯುವ ನಾವು ಒಂದು ದಿನ ಸಂತವೇರಿಯ ರಸ್ತೆಯಲ್ಲಿ ನಡೆಸಬಹುದು.

ಓದುಗರು ತಾವೇ ಮಾಡಬಹುದಾದ ಕೆಲಸವೂ ಒಂದಿದೆ. ಗಿರಿಯ ತಪ್ಪಲಿನಲ್ಲಿ ತೋಟವಿದ್ದವರು ತಮ್ಮ ಹಸಿರುಗಪ್ಪು ಬಂಡೆಗಳನ್ನು ಒಮ್ಮೆ ನೀರು ಹಾಕಿ ತೊಳೆದು ನೋಡಲಿ. ಅದರ ಮೈಮೇಲೆ ಕಡಲೆಕಾಳಿನಷ್ಟು, ಕೆಲವೊಮ್ಮೆ ಹುಣಿಸೆ ಬೀಜದಷ್ಟು ಬಿಳಿಯ ಚುಕ್ಕೆಗಳಿದ್ದರೆ, ಅವು ಲಾವಾ ಕುದಿಯುತ್ತಿದ್ದಾಗ ಎದ್ದ ಗುಳ್ಳೆಗಳು. ಒಳಗಿನ ಅನಿಲ ಹಾರಿಹೋಗಿ, ಖಾಲಿಯಾದ ಗುಳಿಗಳಲ್ಲಿ ಆಮೇಲೆ ಬೆಣಚು ತುಂಬಿಕೊಂಡಿದೆ. ಅಂಥ ಬಂಡೆ ಕಂಡರೆ ಜೆಸಿಬಿ ತರಿಸುವ ಮುನ್ನ ಪಕ್ಕದ ಶಾಲೆಯ ಮೇಷ್ಟರಿಗೆ ಒಂದು ಮಾತು ತಿಳಿಸಿ. ಮಕ್ಕಳು ಬಂದು ನೋಡಿಹೋಗಲಿ.