ಹಳೆಯ ಎಂಜಿನುಗಳ ಲೆಕ್ಕ

ಒಂದು ರೈಲ್ವೆ ಸಂಸ್ಥೆಯನ್ನು ಇಲ್ಲವಾಗಿಸುವುದಕ್ಕೆ ಸರಕಾರದ ಒಂದು ಆಜ್ಞಾಪತ್ರವು ಸಾಕು. ಅಂದಿನಿಂದ ಅದರ ಹೆಸರು ಟಿಕೇಟುಗಳ ಮೇಲೂ ನಿಲ್ದಾಣಗಳ ಫಲಕಗಳ ಮೇಲೂ ಕಾಣಿಸದು. ಆದರೆ ಅದರ ಎಂಜಿನುಗಳು ಆಜ್ಞಾಪತ್ರದಿಂದ ಅಳಿಯತಕ್ಕವಲ್ಲ. ಕೆಲವು ಹೊಸ ಯಜಮಾನನ ಕೈಕೆಳಗೆ ದುಡಿಯುತ್ತವೆ. ಕೆಲವು ಸಕ್ಕರೆಯ ಕಾರ್ಖಾನೆಗೋ ಗಣಿಗೋ ಮಾರಾಟವಾಗುತ್ತವೆ. ಹೆಚ್ಚಿನವು ಗುಜರಿಯ ಹರಾಜಿನಲ್ಲಿ ತೂಕದ ಲೆಕ್ಕಕ್ಕೆ ಬಿದ್ದು ಕುಲುಮೆಯನ್ನು ಸೇರುತ್ತವೆ. ಒಂದೆರಡು ಮಾತ್ರ ಯಾರ ಕಣ್ಣಿಗೂ ಬೀಳದೆ ಯಾವುದೋ ಷೆಡ್ಡಿನ ಮೂಲೆಯಲ್ಲಿ ಉಳಿದುಬಿಡುತ್ತವೆ. ಹೀಗೆ ಉಳಿದವುಗಳನ್ನು ಹುಡುಕಿ, ಗುರುತಿಸಿ, ಲೆಕ್ಕಕ್ಕೆ ತರುವ ಕಾರ್ಯವನ್ನು ಬಿಡುವುಳ್ಳವರ ವಿನೋದವೆಂದು ತಿಳಿಯುವವರುಂಟು. ಅದು ಸಾರ್ವಜನಿಕ ಕರ್ತವ್ಯವೆಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಪಟಿಯಾಲ ಸಂಸ್ಥಾನದ ಉದಾಹರಣೆಯು ಮನನೀಯವಾದುದು. 1907ರಲ್ಲಿ ಆ ಸಂಸ್ಥಾನದಲ್ಲಿ ಒಂಟಿ ಹಳಿಯ ಮೇಲೆ ನಡೆಯುವ ಒಂದು ವಿಚಿತ್ರವಾದ ರೈಲು ಪ್ರಾರಂಭವಾಯಿತು. ರಸ್ತೆಯ ಅಂಚಿನಲ್ಲಿ ಒಂದೇ ಹಳಿ. ಭಾರದ ಬಹುಭಾಗವನ್ನು ಹೊರುವ ಚಕ್ರಗಳು ಅದರ ಮೇಲೆ ಒಂದರ ಹಿಂದೊಂದು ಓಡುವುವು. ಬಂಡಿಯು ಉರುಳದಂತೆ ತಡೆಯುವುದಕ್ಕೆ ಪಕ್ಕದಲ್ಲಿ ಒಂದು ದೊಡ್ಡ ಚಕ್ರವು ರಸ್ತೆಯ ಮೇಲೆ ಉರುಳುವುದು. ಸರ್‌ಹಿಂದ್ ಕಡೆಗೆ ಒಂದು ಮಾರ್ಗ, ಪಟಿಯಾಲದಿಂದ ಸುನಾಮಿನ ಕಡೆಗೆ ಇನ್ನೊಂದು. ಎರಡೂ ಸೇರಿ ಸುಮಾರು 50 ಮೈಲಿ. ಸೈನ್ಯದ ಉಪಯೋಗಕ್ಕೆಂದು ಸಂಸ್ಥಾನವು ಸಾಕಲೇಬೇಕಾಗಿದ್ದ ಹೇಸರಗತ್ತೆಗಳನ್ನು ಬಂಡಿ ಎಳೆಯುವುದಕ್ಕೆ ಹೂಡಿ, ಅವುಗಳ ಮೇವಿನ ವೆಚ್ಚಕ್ಕೆ ಸಾರ್ಥಕತೆಯನ್ನು ಕಲ್ಪಿಸಿದರು. ಇವುಗಳ ಜೊತೆಗೆ ಜರ್ಮನಿಯ ಓರೆನ್‌ಸ್ಟೈನ್ ಮತ್ತು ಕೊಪ್ಪೆಲ್ ಕಂಪೆನಿಯಿಂದ ನಾಲ್ಕು ಉಗಿಯೆಂಜಿನುಗಳನ್ನೂ ತರಿಸಿದರು. ರಸ್ತೆಗಳು ಸುಧಾರಿಸಿ ಮೋಟಾರು ವಾಹನಗಳು ಹೆಚ್ಚಿದ ಮೇಲೆ ಈ ರೈಲಿಗೆ ಉಳಿಗಾಲವಿಲ್ಲದಾಯಿತು. 1927ರಲ್ಲಿ ಅದನ್ನು ನಿಲ್ಲಿಸಿದರು.

ಅನಂತರ 35 ವರ್ಷಗಳ ಕಾಲ ಅದರ ನೆನಪು ಮಾಸಿಹೋಗಿತ್ತು. 1962ರಲ್ಲಿ ಮೈಕ್ ಸಾಟೋ ಎಂಬ ರೈಲ್ವೆ ಚರಿತ್ರಾಸಕ್ತರು ಹುಡುಕುತ್ತ ಹೋಗಿ, ಪಟಿಯಾಲದ ಪಬ್ಲಿಕ್ ವರ್ಕ್ಸ್ ಇಲಾಖೆಯ ಷೆಡ್ಡಿನಲ್ಲಿ ಹಳೆಯ ಸಾಮಾನುಗಳ ನಡುವೆ ಅದರ ಅವಶೇಷಗಳನ್ನು ಕಂಡರು. ಅಮೃತಸರದ ರೈಲ್ವೆ ಕಾರ್ಖಾನೆಯ ಕೆಲಸಗಾರರು 1970ರ ದಶಕದಲ್ಲಿ ಒಂದು ಎಂಜಿನನ್ನು ಮತ್ತೆ ನಡೆಯುವಂತೆ ಸಿದ್ಧಗೊಳಿಸಿದರು. 1977ರಲ್ಲಿ ತೆರೆದ ದೆಹಲಿಯ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಮತ್ತೊಂದು ಎಂಜಿನು ಅಮೃತಸರದ ಕಾರ್ಖಾನೆಯಲ್ಲಿಯೇ ಪ್ರದರ್ಶನಕ್ಕೆ ನಿಂತಿತು.

ಈ ವೃತ್ತಾಂತವು ಸಂತೋಷವನ್ನುಂಟುಮಾಡುವುದು ನಿಜ. ಆದರೆ ಇದರೊಳಗಿನ ಎಚ್ಚರಿಕೆಯನ್ನು ನಾವು ಮರೆಯಲಾಗದು. ಆ ಎಂಜಿನುಗಳನ್ನು ಉಳಿಸಿದ್ದು ಯಾವ ಕಾನೂನೂ ಅಲ್ಲ, ಯಾವ ಅಧಿಕಾರಿಯ ದೂರದೃಷ್ಟಿಯೂ ಅಲ್ಲ; ಅವುಗಳನ್ನು ಉಳಿಸಿದ್ದು ಮರೆವು. ಆ 35 ವರ್ಷಗಳಲ್ಲಿ ಷೆಡ್ಡನ್ನು ಖಾಲಿಮಾಡಿಸಬೇಕೆಂದು ಒಬ್ಬ ದಕ್ಷ ಅಧಿಕಾರಿಯು ಹೊರಟಿದ್ದರೆ ಸಾಟೋ ಅವರಿಗೆ ದೊರೆಯುತ್ತಿದ್ದುದು ಬರಿಯ ನೆಲ. ಮರೆವನ್ನೇ ಕಾವಲುಗಾರನನ್ನಾಗಿ ನಂಬಿ ಕುಳಿತಿರುವುದು ವಿವೇಕವಲ್ಲ.

ನಮ್ಮ ಮನೆಯ ಲೆಕ್ಕವನ್ನು ನೋಡೋಣ. ಮೈಸೂರು ಸ್ಟೇಟ್ ರೈಲ್ವೆಯು 1951ನೆಯ ಇಸವಿ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಲೀನವಾಯಿತು. ಅದು ಯಾರೋ ದಯಪಾಲಿಸಿದ ವಸ್ತುವಾಗಿರಲಿಲ್ಲ. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮದಲ್ಲಿ ಹಸಿದ ರೈತರು ಬೆಂಗಳೂರು ಮೈಸೂರು ಮಾರ್ಗದ ಮಣ್ಣನ್ನು ಹೊತ್ತರು. 1882ರಲ್ಲಿ ಹಳಿಯು ಮೈಸೂರನ್ನು ಮುಟ್ಟಿತು. ಸಂಸ್ಥಾನವು ಅದಕ್ಕಾಗಿ ಸಾಲವನ್ನೆತ್ತಿತು. ಸಾಲದ ಹೊರೆಯು ಪ್ರಜೆಗಳ ಮೇಲೆ ಬಿದ್ದಿತು. 1886ರಲ್ಲಿ ಮಾರ್ಗವನ್ನು ನಡೆಸುವ ಅಧಿಕಾರವನ್ನು ಸದರ್ನ್ ಮರಾಠಾ ಕಂಪೆನಿಗೆ ಒಪ್ಪಿಸಬೇಕಾಯಿತು. 1919ರಲ್ಲಿ ಸಂಸ್ಥಾನವು ಅದನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ, ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿಯ ಅಳತೆಯ ಹಳಿಗಳೂ ಬಂದವು. ಈ ಮಾರ್ಗಗಳಲ್ಲೆಲ್ಲ ಬೆವರು ಸುರಿಸಿದ ಎಂಜಿನುಗಳಲ್ಲಿ ಇಂದು ಎಷ್ಟು ಉಳಿದಿವೆ, ಎಲ್ಲೆಲ್ಲಿವೆ ಎಂದು ಒಬ್ಬ ವಿದ್ಯಾರ್ಥಿಯು ಕೇಳಿದರೆ ಉತ್ತರವು ಒಂದೇ ಪುಸ್ತಕದಲ್ಲಿ ದೊರೆಯಬೇಡವೆ?

ಈ ಗುರುತಿಸುವಿಕೆಯು ಸುಲಭವಾದ ಕೆಲಸವಲ್ಲ. ಲೀನವಾದ ರೈಲ್ವೆಗಳ ಎಂಜಿನುಗಳಿಗೆ ಹೊಸ ಯಜಮಾನರು ಹೊಸ ನಂಬರುಗಳನ್ನು ಹಾಕಿದರು; 1957ರ ಸುಮಾರಿಗೆ ಅಖಿಲ ಭಾರತ ನಂಬರುಗಳು ಬಂದವು. ಹೀಗೆ ಮೈಸೂರಿನ ನಂಬರು ಎರಡು ಪದರಗಳ ಕೆಳಗೆ ಹೂತುಹೋಯಿತು. ತಯಾರಕರ ಹೆಸರನ್ನು ತೋರುವ ಹಿತ್ತಾಳೆಯ ಫಲಕವು ಕಳ್ಳರ ಕೈಗೆ ಮೊದಲು ಸಿಕ್ಕುವ ವಸ್ತು. ಒಂದರ ಬಾಯ್ಲರು ಮತ್ತೊಂದಕ್ಕೆ, ಮತ್ತೊಂದರ ಚಕ್ರಗಳು ಮೂರನೆಯದಕ್ಕೆ ಹೋಗುವುದು ಕಾರ್ಖಾನೆಗಳಲ್ಲಿ ಸಾಮಾನ್ಯ. ಆಗ ಉಳಿಯುವ ಸಾಕ್ಷ್ಯವು ಚಕ್ರಗಳನ್ನು ಕೂಡಿಸುವ ಕಬ್ಬಿಣದ ತೋಳುಗಳ ಮೇಲೂ ಚೌಕಟ್ಟಿನ ಮೇಲೂ ಒತ್ತಿದ ಸಣ್ಣ ಅಂಕಿಗಳು. ಅವುಗಳನ್ನು ಕಾರ್ಖಾನೆಯ ರಿಜಿಸ್ಟರಿನೊಡನೆ ತಾಳೆನೋಡಿದಾಗ ಮಾತ್ರ ಸತ್ಯವು ಹೊರಬೀಳುವುದು. ನಿಲ್ದಾಣದ ಮುಂದೆ ನಿಲ್ಲಿಸಿದ ಎಂಜಿನಿಗೆ ವರ್ಷಕ್ಕೊಮ್ಮೆ ದಪ್ಪನಾಗಿ ಬಣ್ಣ ಬಳಿದರೆ ಆ ಅಂಕಿಗಳೂ ಮುಚ್ಚಿಹೋಗುತ್ತವೆ. ರಕ್ಷಣೆಯೆಂದು ಮಾಡಿದ ಕೆಲಸವೇ ಗುರುತನ್ನು ಅಳಿಸುವುದು ಹೀಗೆ.

ಮೈಸೂರಿನಲ್ಲಿ 1979ರಿಂದ ರೈಲ್ವೆ ವಸ್ತುಸಂಗ್ರಹಾಲಯವೊಂದಿರುವುದು ಅಭಿಮಾನದ ವಿಷಯ. ಅಲ್ಲಿಗೆ ಹೋದ ಬಾಲಕರು ಉಗಿಯೆಂಜಿನಿನ ಮೆಟ್ಟಿಲನ್ನು ಹತ್ತಿ ನಿಂತು ಹಿಗ್ಗುವುದನ್ನು ಕಂಡವರು ಅದರ ಪ್ರಯೋಜನವನ್ನು ಪ್ರಶ್ನಿಸಲಾರರು. ಆದರೆ ಸಂಗ್ರಹಾಲಯವು ತನ್ನ ಅಂಗಳಕ್ಕೆ ಬಂದುದನ್ನು ಮಾತ್ರ ಕಾಯಬಲ್ಲುದು. ಅಂಗಳದ ಹೊರಗಿರುವುದನ್ನು ಕಾಯುವುದಕ್ಕೆ ಪಟ್ಟಿ ಬೇಕು.

ಜನಕ್ಕೆ ರೈಲಿನಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲದಿರುವಾಗ ತುಕ್ಕುಹಿಡಿದ ಕಬ್ಬಿಣದ ಚಿಂತೆ ಏಕೆ ಎಂದು ಕೆಲವರು ಆಕ್ಷೇಪಿಸಬಹುದು. ಪಟ್ಟಿಯನ್ನು ಮಾಡುವುದಕ್ಕೆ ಬೇಕಾದುದು ಕಾಗದ, ಒಂದೆರಡು ಮಂದಿ ತಿಳಿದವರು ಮತ್ತು ಅವರ ಪ್ರಯಾಣದ ವೆಚ್ಚ. ಇದರಿಂದ ಒಬ್ಬ ಪ್ರಯಾಣಿಕನ ಸ್ಥಳವೂ ಕಡಿಮೆಯಾಗದು.

ಈ ಯಂತ್ರಗಳು ಪರದೇಶದವು, ಪರರಾಜ್ಯದ ಕಾಲದ ಕುರುಹುಗಳು, ಅವು ಹೋದರೆ ಹೋಗಲಿ ಎಂಬುದು ಇನ್ನು ಕೆಲವರ ವಾದ. ಸ್ವದೇಶಾಭಿಮಾನದ ಹೆಸರಿನಲ್ಲಿ ಹೇಳುವ ಈ ಮಾತನ್ನು ನಾವು ಸ್ವದೇಶಾಭಿಮಾನದಿಂದಲೇ ನಿರಾಕರಿಸುತ್ತೇವೆ. ಕಬ್ಬಿಣವು ಹೊರಗಿನದು, ಅದಕ್ಕೆ ಕೊಟ್ಟ ಹಣವು ನಮ್ಮದು, ಬೆಂಕಿಯ ಮುಂದೆ ನಿಂತ ಮೈ ನಮ್ಮವರದು. 1895ರಲ್ಲಿಯೇ ಅಜ್ಮೀರದ ಕಾರ್ಖಾನೆಯಲ್ಲಿ ಎಫ್ 734 ಎಂಬ ಎಂಜಿನನ್ನು ನಿರ್ಮಿಸಿದರು. ಆದರೂ ಮುಂದಿನ ಅರ್ಧಶತಮಾನದ ಕಾಲ ಎಂಜಿನುಗಳ ಬಹುಭಾಗವು ಹಡಗಿನಲ್ಲಿಯೇ ಬಂದಿತು. ಚಿತ್ತರಂಜನದಲ್ಲಿ ದೊಡ್ಡ ಕಾರ್ಖಾನೆಯು ಕೆಲಸಕ್ಕೆ ತೊಡಗಿದುದು 1950ರಲ್ಲಿ. ಭಾರತೀಯರಿಗೆ ಅದಕ್ಕೂ ಮೊದಲು ಎಂಜಿನು ಮಾಡುವ ಶಕ್ತಿಯಿರಲಿಲ್ಲವೆಂದು ಯಾರಾದರೂ ಹೇಳಿದರೆ, ಅವರ ಮುಂದಿಡುವುದಕ್ಕೆ ದೆಹಲಿಯಲ್ಲಿ ಉಳಿಸಿರುವ ಆ ಅಜ್ಮೀರದ ಎಂಜಿನೇ ಸಾಕ್ಷಿ. ಅದನ್ನೂ ಗುಜರಿಗೆ ಹಾಕಿದ್ದರೆ ನಮ್ಮ ಕೈಯಲ್ಲಿ ಬರಿಯ ಮಾತು ಉಳಿಯುತ್ತಿತ್ತು.

ಆದುದರಿಂದ ರೈಲ್ವೆಯ ಅಧಿಕಾರಿವರ್ಗದವರಿಗೂ ರಾಜ್ಯ ಸರಕಾರದವರಿಗೂ ನಮ್ಮ ಸೂಚನೆಗಳು ಇವು. ಹಿಂದಿನ ಮೈಸೂರು ಸ್ಟೇಟ್ ರೈಲ್ವೆಯದೂ ಅದಕ್ಕೆ ಸೇರಿದ್ದ ಕಿರಿಯ ಮಾರ್ಗಗಳದೂ ಆದ ಪ್ರತಿಯೊಂದು ಎಂಜಿನಿನ ತಯಾರಕರು, ತಯಾರಿಕೆಯ ನಂಬರು, ವರ್ಷ, ದುಡಿದ ಮಾರ್ಗ, ಈಗಿರುವ ಸ್ಥಳ, ಇವೆಲ್ಲವನ್ನೂ ಒಳಗೊಂಡ ರಿಜಿಸ್ಟರೊಂದನ್ನು ಸಿದ್ಧಪಡಿಸಿ ಪ್ರಕಟಿಸಲಿ. ಇಲಾಖೆಯಲ್ಲಿ ಈಗಾಗಲೆ ಇರುವ ಪಟ್ಟಿಗಳನ್ನೆಲ್ಲ ಕನ್ನಡದಲ್ಲಿ ಒಟ್ಟುಗೂಡಿಸಿ ಜನರ ಮುಂದಿಡಲಿ. ರಿಜಿಸ್ಟರಿಗೆ ಸೇರುವವರೆಗೆ ಯಾವ ಹಳೆಯ ಎಂಜಿನನ್ನೂ ಹರಾಜು ಹಾಕದಿರಲಿ, ಬಣ್ಣ ಬಳಿಯುವ ಮುನ್ನ ಅದರ ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ. ಬಯಲಿನಲ್ಲಿ ನಿಲ್ಲಿಸಿದವುಗಳ ಹೊಗೆಕೊಳವೆಗೆ ಮುಚ್ಚಳವನ್ನು ಹಾಕಿಸಲಿ. ಮಳೆಯ ನೀರು ಅಲ್ಲಿಂದಲೇ ಒಳಗಿಳಿದು ಕಬ್ಬಿಣವನ್ನು ತಿನ್ನುತ್ತದೆ. ಅಶೋಕಪುರ ಮತ್ತು ಹುಬ್ಬಳ್ಳಿಯ ಕಾರ್ಖಾನೆಗಳ ಹಳೆಯ ರಿಜಿಸ್ಟರುಗಳು ಇನ್ನೂ ಎಲ್ಲಿಯಾದರೂ ಇದ್ದರೆ ಗೆದ್ದಲಿನ ಪಾಲಾಗುವ ಮೊದಲು ರಾಜ್ಯ ಪತ್ರಾಗಾರಕ್ಕೆ ಸೇರಲಿ.

ಇವುಗಳಲ್ಲಿ ಎಲ್ಲಕ್ಕಿಂತ ತ್ವರೆಯಾದುದು ಇನ್ನೊಂದಿದೆ. ಉಗಿಯೆಂಜಿನುಗಳ ಸಾಮಾನ್ಯ ಸೇವೆಯು ಕಳೆದ ಶತಮಾನದ ಕೊನೆಯ ದಶಕದಲ್ಲಿ ಮುಗಿಯಿತು. ಅವುಗಳನ್ನು ನಡೆಸಿದ ಡ್ರೈವರುಗಳು, ಕಲ್ಲಿದ್ದಲನ್ನು ಎಸೆದ ಫೈರ್‌ಮನ್ನರು, ರಿಪೇರಿಮಾಡಿದ ಫಿಟ್ಟರುಗಳು ಇಂದು ವೃದ್ಧರು. ಯಾವ ಎಂಜಿನು ಯಾವ ಷೆಡ್ಡಿನಿಂದ ಎಲ್ಲಿಗೆ ಹೋಯಿತೆಂಬುದು ಯಾವ ಕಡತದಲ್ಲಿಯೂ ಇಲ್ಲದೆ ಇವರ ಜ್ಞಾಪಕದಲ್ಲಿ ಮಾತ್ರ ಇರುವುದುಂಟು. ಕಬ್ಬಿಣವು ಇನ್ನೂ ಹತ್ತು ಮಳೆಗಾಲಗಳನ್ನು ತಾಳಬಹುದು. ಮನುಷ್ಯರ ಜ್ಞಾಪಕಕ್ಕೆ ಅಷ್ಟು ಅವಧಿಯಿಲ್ಲ. ಆದಕಾರಣ ಬಲ್ಲವರನ್ನು ಈ ವರ್ಷವೇ ಹುಡುಕಿ ಕೇಳಿ ಬರೆದುಕೊಳ್ಳುವ ಏರ್ಪಾಡಾಗಬೇಕೆಂದು ನಾವು ಒತ್ತಿ ಹೇಳುತ್ತೇವೆ.